ಇಳಿಯುವ ಮೊದಲೇ ಇಂಧನ ತುಂಬಿಸಿಕೊಂಡ ವಿಮಾನ

"ಇನ್ನೂ ಇಳಿದೇ ಇರದ ವಿಮಾನಕ್ಕೆ ಫ್ಯೂಯಲ್ ತುಂಬಿದ್ದು ಯಾರು ಸರ್?"

ಇನ್‌ಸ್ಪೆಕ್ಟರ್ ಅವಳು ಕೊಟ್ಟ ಚೀಟಿಯನ್ನು ಹತ್ತಿರ ಹಿಡಿದು ನೋಡಿದರು, ದೂರ ಹಿಡಿದು ನೋಡಿದರು, ಕೊನೆಗೆ ಸೋತು ಜೇಬಿನಿಂದ ಕನ್ನಡಕ ತೆಗೆದು ಮೂಗಿಗೇರಿಸಿದರು. ಅಂಗೈ ಅಗಲದ ಹಳದಿ ಚೀಟಿ. ಇಂಧನದ ಟ್ಯಾಂಕರಿನವನು ಕಾರ್ಬನ್ ಹಾಳೆಯಿಟ್ಟು ಒತ್ತಿ ಬರೆದದ್ದು. ವಿಮಾನದ ಸಂಖ್ಯೆ, ತಾರೀಖು, ತುಂಬಿದ ಲೀಟರು, ಪೈಪು ಜೋಡಿಸಿದ ಹೊತ್ತು. ಹೊತ್ತು, ಸಂಜೆ ನಾಲ್ಕು ಗಂಟೆ ಎರಡು ನಿಮಿಷ.

"ಕಂಪನಿಯ ಪುಸ್ತಕದ ಪ್ರಕಾರ ಅದೇ ವಿಮಾನ ನೆಲ ಮುಟ್ಟಿದ್ದು ಐದು ಗಂಟೆ ಐದಕ್ಕೆ," ಅವಳೆಂದಳು. "ಅಂದ್ರೆ ನಮ್ಮ ಟ್ಯಾಂಕರಿನವನು ಆಕಾಶಕ್ಕೆ ಏಣಿ ಹಾಕಿ, ಮೇಲೆ ಹತ್ತಿ ತುಂಬಿ ಬಂದ ಅಂತಾಯ್ತು."

ಇನ್‌ಸ್ಪೆಕ್ಟರ್ ನಗಲಿಲ್ಲ. ಅವಳೂ ನಗಿಸಲು ಹೇಳಿರಲಿಲ್ಲ.

ನಿಲ್ದಾಣದ ಆ ಸರಕು ವಿಮಾನ ಕಂಪನಿಯ ಕಚೇರಿಯಲ್ಲಿ ಅವಳಿಗೆ ಅಳತೆಪಟ್ಟಿ ಎಂದೇ ಹೆಸರು. ವಿಮಾನ ಹೊರಡುವ ಮುನ್ನ ಅದರ ದಾರಿ ಎಷ್ಟು ದೂರ, ಎಷ್ಟು ಹೊತ್ತು ಹಾರಬೇಕು, ಎಷ್ಟು ಇಂಧನ ಬೇಕು ಎಂದು ಲೆಕ್ಕ ಹಾಕಿ ಸಹಿ ಮಾಡುವುದು ಅವಳ ಕೆಲಸ. ಹದಿನಾಲ್ಕು ವರ್ಷದಲ್ಲಿ ಅವಳ ಲೆಕ್ಕ ನಾಲ್ಕು ನಿಮಿಷಕ್ಕಿಂತ ಹೆಚ್ಚು ಹಿಂದೆಮುಂದೆ ಆದದ್ದಿಲ್ಲ. ಒಂದೇ ಒಂದು ಸಲ ತಪ್ಪಿತ್ತು. ಆ ಸಲ ಅವಳು ಲೆಕ್ಕವನ್ನೇ ಹಾಕಿರಲಿಲ್ಲ.

ನಲವತ್ತಮೂರು ದಿನದ ಹಿಂದೆ ಅವಳ ಅಕ್ಕ ತನ್ನ ಮನೆಯ ಮೆಟ್ಟಿಲ ಬುಡದಲ್ಲಿ ಕತ್ತು ಮುರಿದು ಬಿದ್ದಿದ್ದಳು. ಬಿದ್ದ ಸದ್ದು ಕೆಳಮನೆಯ ಹೊಲಿಗೆಯಾಕೆಗೆ ಕೇಳಿದ್ದು ಸಂಜೆ ನಾಲ್ಕು ಇಪ್ಪತ್ತಕ್ಕೆ. ಆಂಬುಲೆನ್ಸಿಗೆ ಫೋನು ಹೋದದ್ದು ನಾಲ್ಕು ಇಪ್ಪತ್ತೆರಡಕ್ಕೆ. ಅಕ್ಕನ ಗಂಡ ಸರಕು ವಿಮಾನದ ಕ್ಯಾಪ್ಟನ್. ಆ ಹೊತ್ತಿಗೆ ಭಾವ ಸಾಗರದಾಚೆಯ ನಿಲ್ದಾಣದಿಂದ ಹಾರಿಬರುತ್ತ ಮೋಡದ ಮೇಲಿದ್ದ ಎಂದು ಕಂಪನಿಯ ಪುಸ್ತಕ ಹೇಳಿತ್ತು. ಇನ್‌ಸ್ಪೆಕ್ಟರ್ ಪುಸ್ತಕವನ್ನು ನಂಬಿ 'ಕಾಲು ಜಾರಿ' ಎಂದು ಬರೆದುಕೊಂಡಿದ್ದರು. ಇವತ್ತು ಆ ಕಡತ ಮುಚ್ಚುವ ದಿನ. ಇವತ್ತೇ ಸಂಜೆ ಆರಕ್ಕೆ ಭಾವ ಆಚೆ ದಡಕ್ಕೆ ಮೂರು ವರ್ಷದ ವರ್ಗಾವಣೆ ಹಿಡಿದು ಹಾರಿಹೋಗಲಿದ್ದ. ಒಮ್ಮೆ ಆ ದಡ ಮುಟ್ಟಿದನೆಂದರೆ ಅವನ ಕೂದಲು ಕೊಂಕಿಸಲೂ ಯಾರಿಂದಲೂ ಆಗುವುದಿಲ್ಲ.

ಗೋಡೆಯ ಗಡಿಯಾರದಲ್ಲಿ ನಾಲ್ಕು ಗಂಟೆ ಹತ್ತು ನಿಮಿಷ.

"ನೋಡಿ ಅಮ್ಮ, ನಾನೂ ಕಣ್ಣು ಮುಚ್ಚಿಕೊಂಡು ಬರೆದಿಲ್ಲ," ಇನ್‌ಸ್ಪೆಕ್ಟರ್ ಚೀಟಿಯನ್ನು ಮೇಜಿನ ಮೇಲಿಟ್ಟರು. "ಠಾಣೆ ಗೋಡೆಯ ನಕ್ಷೆಗೆ ದಾರ ಹಿಡಿದು ಅಳೆದಿದ್ದೀನಿ. ಒಂಬತ್ತೂವರೆ ಸಾವಿರ ಕಿಲೋಮೀಟರ್ ಬಂತು. ಅದನ್ನ ಒಂಬತ್ತು ಗಂಟೇಲಿ ಹಾರೋದೇ ದೊಡ್ಡದು. ಅದಕ್ಕಿಂತ ಬೇಗ ಬಂದ ಅಂತ ನಾನು ಕೋರ್ಟಲ್ಲಿ ನಿಂತು ಹೇಳಿದ್ರೆ ನನ್ನನ್ನೇ ಆಸ್ಪತ್ರೆಗೆ ಕಳಿಸ್ತಾರೆ."

"ಗೋಡೆಯ ನಕ್ಷೆಗೆ ದಾರ ಹಿಡಿದ್ರಾ?"

"ಹೂಂ. ನಮ್ಮ ರೈಟರ್ ಒಂದು ತುದಿ, ನಾನೊಂದು ತುದಿ."

ಅಳತೆಪಟ್ಟಿ ಎದ್ದುಹೋಗಿ ಬೀರುವಿನ ಮೇಲಿದ್ದ ಭೂಗೋಳವನ್ನು ಇಳಿಸಿ ತಂದಳು. ಸೀರೆಯ ಸೆರಗಿನಿಂದಲೇ ಅದರ ಧೂಳು ಒರೆಸಿದಳು. ಮೇಜಿನ ಖಾನೆಯಿಂದ ಕಪ್ಪು ದಾರದ ಉಂಡೆ ತೆಗೆದು ಇನ್‌ಸ್ಪೆಕ್ಟರ ಬೆರಳನ್ನೇ ಹಿಡಿದು ಒಂದು ತುದಿಯನ್ನು ಆಚೆ ದಡದ ನಿಲ್ದಾಣದ ಮೇಲೆ ಒತ್ತಿಸಿದಳು.

"ಭೂಮಿ ಚಾಪೆ ಅಲ್ಲ ಸರ್, ಚೆಂಡು. ಚೆಂಡನ್ನ ಚಾಪೆ ಮಾಡಿ ಗೋಡೆಗೆ ಹೊಡೆದಾಗ ಮೇಲಿನ ಭಾಗ ಎಲ್ಲಾ ಹಿಗ್ಗಿಬಿಡುತ್ತೆ. ನೀವು ಅಳೆದದ್ದು ಹಿಗ್ಗಿದ ದೂರ. ಈಗ ನೋಡಿ."

ದಾರವನ್ನು ಎಳೆದು ಬಿಗಿ ಮಾಡಿದಳು. ಸಾಗರದ ನಡುವೆ ಸಡಿಲವಾಗಿ ಬಿದ್ದಿದ್ದ ದಾರ ಬಿಗಿಯಾಗುತ್ತ ತಾನಾಗಿಯೇ ಮೇಲಕ್ಕೆ ಸರಿಯಿತು. ಹಿಮದ ಬಿಳಿ ಬಣ್ಣದ ಅಂಚಿಗೆ ತಾಗಿ ನಿಂತಿತು. ಇನ್‌ಸ್ಪೆಕ್ಟರ ಬಾಯಿ ಸ್ವಲ್ಪ ತೆರೆಯಿತು.

"ಮೇಲೆ ಸುತ್ತಿ ಹೋದ ಹಾಗೆ ಕಾಣುತ್ತಲ್ಲ? ಇದೇ ಹತ್ತಿರದ ದಾರಿ. ಏಳು ಸಾವಿರದ ಆರುನೂರ ಐವತ್ತು ಕಿಲೋಮೀಟರ್. ಗಾಳಿ ಇಲ್ಲದ ದಿನ ಆ ವಿಮಾನ ಗಂಟೆಗೆ ಎಂಟುನೂರ ಐವತ್ತು ಹೋಗುತ್ತೆ. ಭಾಗಿಸಿ."

ಇನ್‌ಸ್ಪೆಕ್ಟರ್ ಅಂಗೈ ಮೇಲೆ ಬೆರಳಾಡಿಸಿ ಲೆಕ್ಕ ಹಾಕಿದರು. "ಒಂಬತ್ತು ಗಂಟೆ. ಸರಿಯಾಗಿ."

"ವೇಳಾಪಟ್ಟಿ ಬರೆದವರು ಅಷ್ಟಕ್ಕೇ ನಿಲ್ಲಿಸಿದ್ದು. ಆದ್ರೆ ಅಲ್ಲಿಂದ ಇಲ್ಲಿಗೆ ಬರುವಾಗ ಚಳಿಗಾಲದಲ್ಲಿ ಗಾಳಿ ಬೆನ್ನಿಗಿರುತ್ತೆ. ಆ ದಿನದ ಹವಾಮಾನದ ಹಾಳೆ ಇದು. ಗಂಟೆಗೆ ನೂರಿಪ್ಪತ್ತು ಕಿಲೋಮೀಟರ್ ಬೆನ್ನುಗಾಳಿ. ವಿಮಾನಕ್ಕೆ ಅದು ಪುಕ್ಕಟೆ. ಒಂಬೈನೂರ ಎಪ್ಪತ್ತಾಯ್ತು. ಎಂಟು ಗಂಟೆಗೂ ಏಳು ನಿಮಿಷ ಕಮ್ಮಿ. ನಮ್ಮ ಗಡಿಯಾರದಲ್ಲಿ ಬೆಳಿಗ್ಗೆ ಎಂಟು ಐದಕ್ಕೆ ಹೊರಟ ವಿಮಾನ ಮೂರು ಐವತ್ತೆಂಟಕ್ಕೆ ಇಲ್ಲಿರಬೇಕು."

"ಹಾಗಿದ್ರೆ ಪುಸ್ತಕದಲ್ಲಿ ಐದು ಐದು ಅಂತ ಸುಳ್ಳು ಬರೆದವನು ಯಾರು?"

"ಎಲ್ಲರೂ ಸಾರ್."

ಉತ್ತರ ಬಂದದ್ದು ಪಕ್ಕದ ಮೇಜಿನಿಂದ. ಕಚೇರಿಯವರೆಲ್ಲ ಮೇಷ್ಟ್ರು ಎಂದು ಕರೆಯುವ ಹಿರಿಯರು ಪೆನ್ಸಿಲ್ ಕೆಳಗಿಟ್ಟು, ಕುರ್ಚಿಯನ್ನು ಇವರತ್ತ ತಿರುಗಿಸಿ ಕೂತಿದ್ದರು. ಮೂವತ್ತೊಂದು ವರ್ಷ ಇದೇ ಕೋಣೆಯಲ್ಲಿ ಕೂದಲು ಬೆಳ್ಳಗೆ ಮಾಡಿಕೊಂಡವರು. ಅಳತೆಪಟ್ಟಿಗೆ ಗಾಳಿ ಓದುವುದನ್ನು ಕಲಿಸಿದ್ದು ಅವರೇ. ಅಪ್ಪನಿಲ್ಲದ ಮನೆಗೆ ಹಿರಿಯರಾಗಿ ಬಂದು, ಈ ಕ್ಯಾಪ್ಟನ್‌ನೊಂದಿಗೆ ಅಕ್ಕನ ಮದುವೆ ಮಾತುಕತೆ ಮುಗಿಸಿಕೊಟ್ಟದ್ದೂ ಅವರೇ. ತಾವು ಕೂಡಿಸಿದ ಮದುವೆ ಒಂದೂ ಮುರಿದಿಲ್ಲ ಎಂಬುದು ಅವರ ಹೆಮ್ಮೆ.

"ಬೇಗ ಬಂದ್ವಿ ಅಂತ ನಾಲ್ಕು ಸಲ ಬರೆದು ನೋಡಿ," ಮೇಷ್ಟ್ರು ನಿಧಾನವಾಗಿ ಹೇಳಿದರು. "ಮೇಲಿನವರು ವೇಳಾಪಟ್ಟಿಯಿಂದ ಒಂದು ಗಂಟೆ ಕತ್ತರಿಸಿ ಕೈಗಿಡ್ತಾರೆ. ಬೇಸಿಗೇಲಿ ಗಾಳಿ ನಿಂತಾಗ ಏನು ಮಾಡೋದು? ದಿನಾ ತಡ, ದಿನಾ ಬೈಗುಳ. ಅದಕ್ಕೆ ಬೇಗ ಬಂದ ದಿನ ವೇಳಾಪಟ್ಟಿಯ ಹೊತ್ತನ್ನೇ ಬರೆದು ಸುಮ್ಮನಾಗ್ತೀವಿ. ತಡವಾದ ದಿನ ಮಾತ್ರ ನಿಜ ಬರೀತೀವಿ. ನಾನೂ ಬರೆದಿದ್ದೀನಿ, ನನಗೆ ಕಲಿಸಿದವರೂ ಬರೆದಿದ್ರು. ಅದನ್ನ ಸುಳ್ಳು ಅಂತ ಈ ಕೋಣೇಲಿ ಯಾರೂ ಅಂದುಕೊಂಡೇ ಇಲ್ಲ."

"ಪೊಲೀಸರು ಕೇಳಿದಾಗಲಾದ್ರೂ ಹೇಳಬಾರದಾ?"

"ನೀವು ಪುಸ್ತಕ ಕೇಳಿದ್ರಿ ಸಾರ್. ಪುಸ್ತಕ ಕೊಟ್ವಿ."

ಇನ್‌ಸ್ಪೆಕ್ಟರ ಕಿವಿ ಕೆಂಪಾಯಿತು. ಅವರು ಫೋನೆತ್ತಿ ನಿಲ್ದಾಣದ ಕಂಟ್ರೋಲ್ ಟವರಿಗೆ ಹಚ್ಚಿದರು. ಕಂಪನಿಯ ಪುಸ್ತಕ ಬೇರೆ, ಟವರಿನವರ ಪುಸ್ತಕ ಬೇರೆ. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡುವ ಕರ್ಮ ಇದುವರೆಗೆ ಯಾರಿಗೂ ಬಂದಿರಲಿಲ್ಲ. ಅವರು ತಾರೀಖು ಹೇಳಿದರು, ವಿಮಾನದ ಸಂಖ್ಯೆ ಹೇಳಿದರು, ಕಾದರು, ಹೂಂ ಎಂದರು, ಹೂಂ ಎಂದರು, ಫೋನಿಟ್ಟರು.

"ಮೂರು ನಲವತ್ತು."

ಅಳತೆಪಟ್ಟಿಯ ಕೈಯಲ್ಲಿದ್ದ ದಾರ ಸಡಿಲವಾಯಿತು. "ಮೂರು ಐವತ್ತೆಂಟು ಇರಬೇಕು."

"ಮೂರು ನಲವತ್ತು ಅಮ್ಮ. ಎರಡು ಸಲ ಓದಿಸಿದೆ."

ಹದಿನೆಂಟು ನಿಮಿಷ ಮೊದಲು. ಗಾಳಿ ಎಷ್ಟು ಕೊಡಬಹುದೋ ಅಷ್ಟನ್ನೂ ಕೊಟ್ಟ ಮೇಲೆ ಇನ್ನೂ ಹದಿನೆಂಟು ನಿಮಿಷ. ಹದಿನೆಂಟು ನಿಮಿಷ ಆಕಾಶದಿಂದ ಉದುರುವುದಿಲ್ಲ. ಅವಳು ಹಳದಿ ಚೀಟಿಯನ್ನು ಮತ್ತೆ ಎಳೆದುಕೊಂಡು ಲೀಟರುಗಳ ಲೆಕ್ಕ ನೋಡಿದಳು. ತುಂಬಿದ್ದನ್ನು ಕಳೆದು, ಟ್ಯಾಂಕಿನಲ್ಲಿ ಉಳಿದದ್ದೆಷ್ಟು ಎಂದು ತಾಳೆ ಹಾಕಿದಳು. ಅವಳ ಪೆನ್ಸಿಲ್ಲಿನ ಮೊನೆ ಹಾಳೆಯನ್ನು ಹರಿದುಕೊಂಡು ಹೋಯಿತು.

"ಇಳಿದ ಅಂತಾಯ್ತು," ಇನ್‌ಸ್ಪೆಕ್ಟರ್ ಹೇಳಿದರು. "ಸರಕು ವಿಮಾನದವರ ಬಾಗಿಲಿಂದ ಹತ್ತು ನಿಮಿಷಕ್ಕೆ ಆಚೆ ಬರಬಹುದು, ಕಾರಲ್ಲಿ ಇಪ್ಪತ್ತೈದು ನಿಮಿಷಕ್ಕೆ ಮನೆ. ನಾಲ್ಕೂಕಾಲು. ಆದ್ರೆ ಮನೆಗೇ ಹೋದ ಅಂತ ನಾನು ಯಾವ ಮುಖ ಇಟ್ಟುಕೊಂಡು ಹೇಳ್ಲಿ? ನಿಮ್ಮಕ್ಕ ಮನೆ ಬಿಡ್ತಿದ್ದಳು ಅಂತೀರ. ಮನೆ ಬಿಡೋಳ ಸೂಟ್‌ಕೇಸ್ ಎಲ್ಲಿ? ಟ್ಯಾಕ್ಸಿ ಕರೆದಿದ್ದಳು ಅಂತೀರ. ಟ್ಯಾಕ್ಸೀನ ಪೇಟೆಗೆ ಹೋಗೋಕೂ ಕರೀತಾರೆ. ಅವನ ಬಾಯಿಂದ ಒಂದು ಮಾತು ಬೀಳಬೇಕು. ಇಲ್ಲಾಂದ್ರೆ ಆರಕ್ಕೆ ನಾನೂ ನೀವೂ ಕೆಳಗೆ ನಿಂತು ಟಾಟಾ ಮಾಡಬೇಕಾಗುತ್ತೆ."

"ಬೀಳಿಸ್ತೀನಿ," ಅಳತೆಪಟ್ಟಿ ಹೇಳಿದಳು. "ಐದಕ್ಕೆ ಅವರು ಇಲ್ಲಿಗೇ ಬರಬೇಕು. ನನ್ನ ಸಹಿ ಇಲ್ಲದೆ ಅವರ ಚಕ್ರ ಒಂದಿಂಚು ಉರುಳಲ್ಲ."

ಉಳಿದ ಮುಕ್ಕಾಲು ಗಂಟೆ ಅವಳು ಅವನ ವಿಮಾನದ ದಾರಿಯನ್ನೇ ಲೆಕ್ಕ ಹಾಕಿದಳು. ಕೆಲಸ ಕೆಲಸವೇ. ಏಳು ಸಾವಿರದ ಆರುನೂರ ಐವತ್ತು. ಆದರೆ ಈಗ ಹೋಗುವುದು ಗಾಳಿಗೆ ಎದುರಾಗಿ. ಬರುವಾಗ ಕೊಟ್ಟದ್ದನ್ನೆಲ್ಲ ಗಾಳಿ ಹೋಗುವಾಗ ಕಿತ್ತುಕೊಳ್ಳುತ್ತದೆ. ಹತ್ತೂವರೆ ಗಂಟೆ.

ಹಾಳೆಯಲ್ಲಿ ಎದುರುಗಾಳಿಯ ಅಂಕಿ ತುಂಬುವ ಜಾಗದಲ್ಲಿ ಅವಳ ಪೆನ್ಸಿಲ್ ನಿಂತಿತು. ಇಲ್ಲಿ ಮೂವತ್ತು ಕಿಲೋಮೀಟರ್ ಕಡಿಮೆ ಬರೆದರೆ ಸಾಕು. ಇಂಧನದ ಲೆಕ್ಕ ಕಡಿಮೆಯಾಗುತ್ತದೆ. ಹಿಮದ ಅಂಚು ದಾಟಿದ ಮೇಲೆ, ಕೆಳಗೆ ಕಪ್ಪು ನೀರು ಬಿಟ್ಟರೆ ಏನೂ ಇಲ್ಲದ ಕಡೆ ಅವನಿಗೆ ಗೊತ್ತಾಗುತ್ತದೆ. ಅಕ್ಕನಿಗೆ ಮೆಟ್ಟಿಲ ಮೇಲೆ ಒಂದು ಕ್ಷಣ ಸಿಕ್ಕಿತ್ತು. ಅವನಿಗೆ ಎರಡು ಗಂಟೆ ಸಿಗುತ್ತದೆ, ಭಯಪಡಲು. ಆ ಯೋಚನೆಯಿಂದ ಅವಳಿಗೆ ಸುಖವಾಯಿತು. ನಲವತ್ತಮೂರು ದಿನದಲ್ಲಿ ಮೊದಲ ಸಲ ಮೈ ಬೆಚ್ಚಗಾಯಿತು.

ಆದರೆ ಆ ವಿಮಾನದಲ್ಲಿ ಸಹಪೈಲಟ್ ಇದ್ದ, ಸರಕು ನೋಡಿಕೊಳ್ಳುವವನಿದ್ದ. ಅವರಿಗೂ ಮನೆಯಲ್ಲಿ ಅಕ್ಕತಂಗಿಯರು ಇರಬಹುದು. ಅವಳು ಹಲ್ಲು ಕಚ್ಚಿ ನಿಜವಾದ ಅಂಕಿಯನ್ನೇ ಬರೆದಳು.

ಬರೆಯುತ್ತಿದ್ದಂತೆ ಅಕ್ಕನ ಕೊನೆಯ ಫೋನು ನೆನಪಾಗದೆ ಇರಲಿಲ್ಲ. ಆ ದಿನ ಬೆಳಿಗ್ಗೆ ಹತ್ತು ಗಂಟೆ. "ಇವತ್ತು ಬಂದ್ಬಿಡ್ತೀನಿ ಕಣೆ. ನಾಲ್ಕೂವರೆಗೆ ಟ್ಯಾಕ್ಸಿ ಹೇಳಿದ್ದೀನಿ, ಅಷ್ಟರಲ್ಲಿ ಎಲ್ಲಾ ತುಂಬಿಕೊಳ್ತೀನಿ. ಅವರು ಎಷ್ಟು ಹೊತ್ತಿಗೆ ಇಳೀತಾರೆ?" ಹನ್ನೊಂದು ವರ್ಷ ಸೆಖೆಗಾಲದಲ್ಲೂ ಉದ್ದ ತೋಳಿನ ರವಿಕೆ ತೊಟ್ಟು ಏಟಿನ ಗುರುತು ಮುಚ್ಚಿಕೊಂಡವಳು ಅಂತೂ ಮನಸ್ಸು ಗಟ್ಟಿ ಮಾಡಿದ್ದಳು. ಅಳತೆಪಟ್ಟಿಯ ಕೈಯಲ್ಲಿ ಆಗ ಮೂರು ವಿಮಾನಗಳಿದ್ದವು. ಗೋಡೆಯ ವೇಳಾಪಟ್ಟಿಯತ್ತ ಕಣ್ಣು ಹಾಯಿಸಿ, "ನಾಲ್ಕೂವರೆಗೆ ಟ್ಯಾಕ್ಸೀನಾ? ಅವರು ಇಳಿಯೋದು ಐದು ಐದಕ್ಕೆ ಅಕ್ಕ, ಆರಾಮಾಗಿ ಹೊರಡು," ಎಂದುಬಿಟ್ಟಿದ್ದಳು.

ಊರಿನವರ ವಿಮಾನಕ್ಕೆಲ್ಲ ಗಾಳಿ ಅಳೆದು ಕೂದಲು ಸೀಳಿದಂತೆ ಲೆಕ್ಕ ಹಾಕುವವಳು ಒಡಹುಟ್ಟಿದವಳಿಗೆ ಗೋಡೆ ನೋಡಿ ಹೊತ್ತು ಹೇಳಿದ್ದಳು. ಅದಕ್ಕೆ ಅವಳು ತನ್ನನ್ನು ಕ್ಷಮಿಸಿರಲಿಲ್ಲ. ಕ್ಷಮಿಸುವುದಕ್ಕೆ ಮೊದಲು ಇನ್ನೊಬ್ಬನ ಬಾಕಿ ತೀರಬೇಕಿತ್ತು.

ಐದಕ್ಕೆ ಇನ್ನೂ ಎರಡು ನಿಮಿಷವಿರುವಾಗ ಕ್ಯಾಪ್ಟನ್ ಬಂದ. ಇಸ್ತ್ರಿಯ ಗೆರೆ ಮುರಿಯದ ಬಿಳಿ ಅಂಗಿ, ಕಂಕುಳಲ್ಲಿ ಟೋಪಿ, ನಾಲ್ಕು ಹೆಜ್ಜೆ ಮುಂದೆ ಬರುವ ಸೆಂಟಿನ ವಾಸನೆ. ಮರದ ಅಡ್ಡಗೋಡೆಯಾಚೆ ಝೆರಾಕ್ಸ್ ಯಂತ್ರದ ಪಕ್ಕ ಇನ್‌ಸ್ಪೆಕ್ಟರ್ ನಿಂತಿದ್ದರು. ಮೇಷ್ಟ್ರು ತಮ್ಮ ಮೇಜಿನಲ್ಲಿ ತಲೆ ಬಗ್ಗಿಸಿ ಏನೋ ಬರೆಯುತ್ತಿದ್ದರು.

"ಏನು ನಾದಿನಿ, ರೆಡೀನಾ? ಹಾಕು ಸಹಿ."

"ಕೂತ್ಕೊಳ್ಳಿ ಭಾವ. ದಾರಿ ನೋಡಿಬಿಡೋಣ."

"ಆ ದಾರೀಲಿ ಕಣ್ಣು ಕಟ್ಟಿಕೊಂಡು ಹೋಗ್ತೀನಿ ನಾನು."

"ಗೊತ್ತು. ಇವತ್ತು ಎದುರುಗಾಳಿ, ಹತ್ತೂವರೆ ಗಂಟೆ. ಅವತ್ತು ಬೆನ್ನುಗಾಳಿ ಇತ್ತು."

"ಯಾವತ್ತು?"

"ಅಕ್ಕ ಹೋದ ದಿನ."

ಅವನು ಕುರ್ಚಿ ಎಳೆದುಕೊಂಡು ಕೂತ. ಟೋಪಿಯನ್ನು ಮೇಜಿನ ಮೇಲಿಟ್ಟ. "ನೋಡು, ಅಕ್ಕನ್ನ ಕಳ್ಕೊಂಡ ದುಃಖ ನಿನಗಿದೆ. ನನಗಿಲ್ವಾ? ಅವಳು ನನ್ನ ಹೆಂಡತಿ."

ಅವಳ ಮೈಯೆಲ್ಲ ಉರಿದುಹೋಯಿತು. ಆದರೆ ದನಿ ಏರಲಿಲ್ಲ. "ಮೂರು ನಲವತ್ತಕ್ಕೆ ಇಳಿದ್ರಿ. ಟವರಿನ ಪುಸ್ತಕದಲ್ಲಿದೆ. ಪೊಲೀಸರಿಗೆ ಐದು ಐದು ಅಂದ್ರಿ."

"ಎಲ್ಲರೂ ಹಾಗೇ ಬರೀತಾರೆ. ನೀನು ಬರ್ದಿಲ್ವಾ?"

"ಬರ್ದಿದ್ದೀನಿ. ಇಳಿದ ಮೇಲೆ ಎಲ್ಲಿದ್ರಿ?"

"ಕಾಫಿ ಕುಡಿದೆ. ಸ್ವಲ್ಪ ಅಡ್ಡಾಡಿದೆ. ಅದಕ್ಕೂ ನಿನ್ನ ಸಹಿ ಬೇಕಾಗಿತ್ತಾ?"

"ಕಾಫಿಗೆ ಅಷ್ಟೊಂದು ಅವಸರ ಯಾಕಿತ್ತು ಭಾವ?" ಅವಳು ಹಳದಿ ಚೀಟಿಯನ್ನು ಅವನ ಟೋಪಿಯ ಪಕ್ಕ ಇಟ್ಟಳು. "ಗಾಳಿ ನಿಮಗೆ ಕೊಟ್ಟದ್ದು ಅರವತ್ತೇಳು ನಿಮಿಷ. ನೀವು ಇಳಿದದ್ದು ಎಂಬತ್ತೈದು ನಿಮಿಷ ಮೊದಲು. ಉಳಿದ ಹದಿನೆಂಟು ನಿಮಿಷ ನೀವು ಎಂಜಿನ್ ಹಿಂಡಿ ತಗೊಂಡದ್ದು. ಮೂರು ಟನ್ ಫ್ಯೂಯಲ್ ಹೆಚ್ಚು ಸುಟ್ಟಿದ್ದೀರ. ದಾರಿಯುದ್ದಕ್ಕೂ ನೀವೇ ಕಳಿಸಿದ ವರದಿಗಳನ್ನೂ ನೋಡಿದೆ, ಮೊದಲ ಮೂರು ಗಂಟೆ ಸುಮ್ಮನೆ ಬಂದವರು ಆಮೇಲೆ ಇದ್ದಕ್ಕಿದ್ದ ಹಾಗೆ ವೇಗ ಏರಿಸಿದ್ದೀರ. ಹನ್ನೊಂದು ವರ್ಷದಲ್ಲಿ ಒಂದು ದಿನ ನೀವು ಮನೆಗೆ ಅಂತ ಆತುರ ಪಟ್ಟದ್ದು ನಾನು ಕಾಣೆ."

ಕ್ಯಾಪ್ಟನ್ ಚೀಟಿಯನ್ನು ಮುಟ್ಟಲಿಲ್ಲ.

"ಆ ಹದಿನೆಂಟು ನಿಮಿಷ ಇಲ್ದೆ ಇದ್ದಿದ್ರೆ ನೀವು ಮನೆ ಸೇರೋದು ನಾಲ್ಕು ಮೂವತ್ತಮೂರಕ್ಕೆ. ಅಕ್ಕ ನಾಲ್ಕೂವರೆಗೆ ಟ್ಯಾಕ್ಸಿ ಹತ್ತಿರ್ತಿದ್ದಳು. ನಿಮ್ಮ ಕೈಗೆ ಸಿಕ್ತಾ ಇರ್ಲಿಲ್ಲ. ಇವತ್ತು ನನ್ನ ಮನೇಲಿ ಕೂತು ನನ್ನ ತಲೆ ತಿಂತಾ ಇರ್ತಿದ್ದಳು." ಅವಳು ಚೀಟಿಯ ಮೇಲೆ ಬೆರಳೊತ್ತಿದಳು. "ಹೇಳಿ. ಆಕಾಶದಲ್ಲಿದ್ದವರಿಗೆ ಹೆಂಡತಿ ಓಡಿಹೋಗ್ತಿದ್ದಾಳೆ ಅಂತ ಹೇಗೆ ಗೊತ್ತಾಯ್ತು?"

ಕ್ಯಾಪ್ಟನ್ ಅವಳು ಕನಸಿನಲ್ಲೂ ಎಣಿಸದ ಕೆಲಸ ಮಾಡಿದ. ನಕ್ಕ. ಆ ನಗುವಿನಲ್ಲಿ ಸ್ವಲ್ಪ ಹೆದರಿಕೆ ಇತ್ತು, ಹೆಚ್ಚು ಅಸಹ್ಯವಿತ್ತು.

"ನಾಟಕ ಸಾಕು ಮಾಡು. ಕರೆದವಳೂ ನೀನೇ, ಯಾಕೆ ಬಂದೆ ಅಂತ ಕೇಳೋಳೂ ನೀನೇನಾ?"

"ಏನಂದ್ರಿ?"

"ನಲವತ್ತು ದಿನದಿಂದ ತಲೆ ಕೆಡಿಸ್ಕೊಂಡಿದ್ದೀನಿ, ಇವಳ್ಯಾಕೆ ಸ್ವಂತ ಅಕ್ಕನ್ನ ಹಿಡಿದುಕೊಟ್ಟಳು ಅಂತ. ಹೇಗೂ ನೀನು ಬಾಯಿ ಬಿಡಲ್ಲ ಅನ್ನೋ ಧೈರ್ಯದಲ್ಲೇ ಇದ್ದೆ. ಈಗ ನನ್ನೊಬ್ಬನ ಕುತ್ತಿಗೆಗೆ ಹಗ್ಗ ಹಾಕೋಕೆ ಬಂದಿದ್ದೀ. ನಾನೊಬ್ಬನೇ ಮುಳುಗಲ್ಲ, ತಿಳ್ಕೋ."

ಅವನು ಪರ್ಸು ತೆಗೆದ. ಅದರ ಒಳಗಿನ ಮಡಿಕೆಯಿಂದ ಎರಡು ಬೆರಳಗಲದ ಉದ್ದನೆಯ ಕಾಗದದ ಪಟ್ಟಿ ತೆಗೆದು ಅವಳತ್ತ ನೂಕಿದ. ಅವಳಿಗೆ ಆ ಕಾಗದ ಚೆನ್ನಾಗಿ ಗೊತ್ತು. ಇಲ್ಲಿನ ಮೇಜಿನಿಂದ ಹಾರುತ್ತಿರುವ ವಿಮಾನಕ್ಕೆ ಕಳಿಸಿದ ಸಂದೇಶ ಪೈಲಟ್‌ಗಳ ನಡುವಿನ ಪುಟ್ಟ ಯಂತ್ರದಲ್ಲಿ ಹೀಗೇ ಅಚ್ಚಾಗಿ ಬರುತ್ತದೆ. ಗಾಳಿ ಬದಲಾಗಿದೆ, ಮೋಡವಿದೆ, ದಾರಿ ಸರಿಸಿ ಎಂಬಂಥ ಸುದ್ದಿಗಳು. ಇದರಲ್ಲಿದ್ದದ್ದು ಬೇರೆ.

'ನಿಮ್ಮ ಮನೆಯಾಕೆ ಇವತ್ತು ಮನೆ ಬಿಡುತ್ತಿದ್ದಾರೆ. ಟ್ಯಾಕ್ಸಿ ನಾಲ್ಕೂವರೆಗೆ. ಬೇಗ ಬನ್ನಿ.'

ಕೆಳಗೆ ಹೊತ್ತು, ಬೆಳಿಗ್ಗೆ ಹನ್ನೊಂದು ಐದು. ಅದರ ಕೆಳಗೆ ಕಳಿಸಿದವರ ನಾಲ್ಕಂಕಿಯ ಸಂಖ್ಯೆ. ಈ ಕೋಣೆಯಲ್ಲಿ ಒಬ್ಬೊಬ್ಬರಿಗೂ ಒಂದೊಂದು ಸಂಖ್ಯೆ. ಸೇರಿದ ದಿನ ಕೊಟ್ಟದ್ದು ನಿವೃತ್ತಿಯವರೆಗೂ ಅದೇ.

ಅದು ಅವಳದು.

ಅವಳು ಸಂಖ್ಯೆಯನ್ನು ಮತ್ತೆ ಓದಿದಳು. ಮೇಜಿನ ಅಂಚು ಹಿಡಿದುಕೊಂಡಳು. ಆದರೂ ಹಗೆ ಎಂಬುದು ವಿಚಿತ್ರ. ಅಂಥ ಹೊತ್ತಿನಲ್ಲೂ ಅದು ತನ್ನ ಕೆಲಸ ಮರೆಯಲಿಲ್ಲ. "ಹಾಗಿದ್ರೆ ಮನೆಗೆ ಹೋದ್ರಿ," ಎಂದಳು.

"ಹೋದೆ! ಕರೆದ ಮೇಲೆ ಹೋಗ್ದೆ ಇರ್ತೀನಾ? ಸೂಟ್‌ಕೇಸ್ ಹಿಡ್ಕೊಂಡು ಮೆಟ್ಟಿಲ ಮೇಲೆ ನಿಂತಿದ್ದಳು. ನನ್ನ ನೋಡಿ ಬೆಳ್ಳಗಾದಳು. ಕೈ ಹಿಡಿದೆ, ಕೊಸರಿಕೊಂಡಳು. ಬಿಟ್ಟೆ."

"ಬಿಟ್ರಾ, ತಳ್ಳಿದ್ರಾ?"

ಕ್ಯಾಪ್ಟನ್ ತನ್ನ ಟೋಪಿಯ ಕಡೆ ನೋಡಿದ.

"ಸೂಟ್‌ಕೇಸ್ ಎಲ್ಲಿದೆ?"

"ಹಿಂಬಾಗಿಲಿಂದ..." ಎಂದವನು ನಾಲಿಗೆ ಕಚ್ಚಿಕೊಂಡ. ಅಡ್ಡಗೋಡೆಯಾಚೆಯಿಂದ ಬೂಟಿನ ಸದ್ದು ಬಂದಿತ್ತು.

ಇನ್‌ಸ್ಪೆಕ್ಟರ್ ಈಚೆ ಬಂದು ಅವನ ಭುಜದ ಮೇಲೆ ಕೈಯಿಟ್ಟರು. ಕ್ಯಾಪ್ಟನ್ ಏಳಲು ಹೋದ. ಆ ಕೈ ಅವನನ್ನು ಹಾಗೆಯೇ ಕೂರಿಸಿತು. ಇಸ್ತ್ರಿಯ ಅಂಗಿಯ ಬೆನ್ನು ಒದ್ದೆಯಾಗಿ ಅಂಟಿಕೊಂಡಿತ್ತು. ಬಾಯಿಗೆ ಬಂದ ಮಾತು ಹೊರಬರದೆ ಅವನು ಮೀನಿನ ಹಾಗೆ ತುಟಿ ಆಡಿಸಿದ. ಇದೇ ನೋಟಕ್ಕಾಗಿ ಅವಳು ನಲವತ್ತಮೂರು ದಿನ ಅನ್ನ ನಿದ್ದೆ ಬಿಟ್ಟಿದ್ದಳು. ಕಣ್ತುಂಬ ನೋಡಿದಳು. ತೃಪ್ತಿ ಮಾತ್ರ ಎಲ್ಲೋ ದಾರಿ ತಪ್ಪಿ ನಿಂತಿತ್ತು, ಅವಳವರೆಗೆ ಬರಲಿಲ್ಲ.

ಇನ್‌ಸ್ಪೆಕ್ಟರ್ ಇನ್ನೊಂದು ಕೈಯಲ್ಲಿ ಕಾಗದದ ಪಟ್ಟಿಯನ್ನು ಎತ್ತಿಕೊಂಡು ಓದಿದರು. ಮತ್ತೆ ಓದಿದರು. ಕನ್ನಡಕದ ಮೇಲಿಂದ ಅವಳನ್ನು ನೋಡಿದರು. ಆ ನೋಟ ಒಂದು ಗಂಟೆಯ ಹಿಂದೆ ಭೂಗೋಳದ ಮೇಲೆ ದಾರ ಹಿಡಿದವರದಾಗಿರಲಿಲ್ಲ.

"ಈ ಸಂಖ್ಯೆ ನಿಮ್ಮದಾ ಅಮ್ಮ?"

"ನನ್ನದೇ. ನಾನು ಕಳಿಸಿಲ್ಲ."

"ನಾಲ್ಕೂವರೆಗೆ ಟ್ಯಾಕ್ಸಿ ಅಂತ ಇನ್ಯಾರಿಗೆ ಗೊತ್ತಿತ್ತು?"

"ಅಕ್ಕ ನನಗೆ ಮಾತ್ರ ಹೇಳಿದ್ದಳು. ಫೋನಲ್ಲಿ. ಇದೇ ಮೇಜಲ್ಲಿ ಕೂತು ನಾನು..."

ಮುಂದಿನ ಮಾತು ಅವಳಿಗೇ ಕೇಳಿಸಲಿಲ್ಲ. ಬೇರೆಯವರ ಕಿವಿಗೆ ಅದು ತಾನೇ ತಪ್ಪು ಒಪ್ಪಿಕೊಂಡ ಹಾಗೆ ಬಿದ್ದಿತೆಂದು ಅವಳಿಗೆ ತಿಳಿಯಿತು.

"ಆ ಹೊತ್ತಿಗೆ, ಹನ್ನೊಂದು ಐದಕ್ಕೆ, ಈ ಮೇಜಲ್ಲಿ ನೀವಿದ್ರಾ?"

"ಇರಲಿಲ್ಲ ಸರ್. ರಜೆ ಚೀಟಿ ಕೊಡೋಕೆ ಮೇಲಿನ ಮಹಡಿಗೆ ಹೋಗಿದ್ದೆ. ಅಕ್ಕ ಬರ್ತಾಳಲ್ಲ, ಎರಡು ದಿನ ಜೊತೇಲಿರೋಣ ಅಂತ."

"ಸಂದೇಶ ಕಳಿಸೋ ಯಂತ್ರ ಮುಚ್ಚಿ ಹೋಗಿದ್ರಾ?"

ಅವಳು ತಲೆ ಅಲ್ಲಾಡಿಸಿದಳು. ಈ ಕೋಣೆಯಲ್ಲಿ ಯಾರೂ ಯಂತ್ರ ಮುಚ್ಚಿ ಏಳುವುದಿಲ್ಲ. ಮುಚ್ಚಿದರೆ ಮತ್ತೆ ತೆರೆಯಲು ಐದು ನಿಮಿಷ ಬೇಕು. ಅಷ್ಟರಲ್ಲಿ ಯಾವುದೋ ವಿಮಾನ ಕೂಗಿಕೊಂಡರೆ? ಎದ್ದವರ ಸಂಖ್ಯೆಯಲ್ಲಿ ಯಂತ್ರ ತೆರೆದೇ ಇರುತ್ತದೆ. ಅದೂ ಯಾರೂ ತಪ್ಪೆಂದು ಎಣಿಸದ ರೂಢಿ.

"ನೀವು ಹೇಳೋದು ನಿಜ ಇರಬಹುದು," ಇನ್‌ಸ್ಪೆಕ್ಟರ್ ನಿಟ್ಟುಸಿರು ಬಿಟ್ಟರು. "ಒಂದು ಸಲ ಬರೆದದ್ದನ್ನ ನಂಬಿ ಕೆಟ್ಟಿದ್ದೀನಿ. ಈಗ ಬಾಯಿಮಾತು ನಂಬಿ ಕೆಡೋಕೆ ನಾನು ತಯಾರಿಲ್ಲ. ಇಬ್ಬರೂ ಠಾಣೆಗೆ ನಡೀರಿ."

"ಸರ್, ವಿಮಾನಗಳಿವೆ. ಆರೂಕಾಲಿಗೆ ಒಂದು, ಏಳಕ್ಕೆ ಒಂದು. ನಾನು ಎದ್ದು ಬಂದ್ರೆ..."

ಮೇಷ್ಟ್ರು ತಮ್ಮ ಮೇಜಿನಿಂದ ಎದ್ದು ಬಂದರು. ಅವರ ಮುಖದಲ್ಲಿ ಕಳವಳವಿತ್ತು, ಕಣ್ಣಿನಲ್ಲಿ ನೀರೂ ಇದ್ದಂತಿತ್ತು. ಅವಳ ತಲೆಯ ಮೇಲೆ ಕೈಯಿಟ್ಟು ಅಪ್ಪನಂತೆ ಸವರಿದರು.

"ಹೋಗ್ಬಾ ಮಗಳೇ. ನಿನ್ನ ಮೇಜು ನಾನು ನೋಡ್ಕೋತೀನಿ."

ಅವಳು ಬಾಗಿಲವರೆಗೆ ನಡೆದಳು. ಒಂದು ಹೆಜ್ಜೆ ಆಚೆಗಿಟ್ಟಳು. ಅಲ್ಲೇ ನಿಂತುಬಿಟ್ಟಳು.

ಇದೇ ಮಾತು. ಇದೇ ದನಿ. ಅಕ್ಕ ಸತ್ತ ದಿನ ಹನ್ನೊಂದು ಗಂಟೆಗೆ, ಕೈಯಲ್ಲಿ ರಜೆ ಚೀಟಿ ಹಿಡಿದು ಇದೇ ಬಾಗಿಲು ದಾಟುವಾಗ, ಬೆನ್ನ ಹಿಂದೆ ಇದೇ ಮಾತನ್ನು ಅವಳು ಕೇಳಿದ್ದಳು.

"ಸರ್!" ಎಂದು ತಿರುಗಿದಳು. ಇನ್‌ಸ್ಪೆಕ್ಟರ ಕೈ ಅವಳ ಮೊಣಕೈ ಮೇಲಿತ್ತು. "ಏನಿದ್ರೂ ಠಾಣೇಲಿ ಹೇಳಿ," ಎಂದು ಅವರು ಮುಂದಕ್ಕೆ ನಡೆಸಿದರು.

ಮುಚ್ಚಿಕೊಳ್ಳುತ್ತಿದ್ದ ಬಾಗಿಲ ಸಂದಿಯಲ್ಲಿ ಅವಳು ಕಂಡದ್ದಿಷ್ಟು. ಮೇಷ್ಟ್ರು ಆಗಲೇ ಅವಳ ಕುರ್ಚಿಯಲ್ಲಿ ಕೂತು ಅವಳ ಯಂತ್ರವನ್ನು ಹತ್ತಿರ ಎಳೆದುಕೊಂಡಿದ್ದರು. ಅವಳ ಸಂಖ್ಯೆ ಅದರಲ್ಲಿ ತೆರೆದೇ ಇತ್ತು. ಅವರ ಬಲಗೈ ಕೀಲಿಗಳ ಮೇಲೆ ಓಡುತ್ತಿತ್ತು. ಎಡಗೈ ಕ್ಯಾಪ್ಟನ್‌ನ ಟೋಪಿಯ ಪಕ್ಕದಲ್ಲಿ ಮರೆತುಹೋಗಿದ್ದ ಹಳದಿ ಚೀಟಿಯನ್ನು ಎತ್ತಿಕೊಂಡು ನಾಲ್ಕು ಮಡಿಕೆ ಮಡಿಸುತ್ತಿತ್ತು.